ಕಳಮಶ್ಶೇರಿಯಲ್ಲಿ ಅಮೆರಿಕದ ಚುನಾವಣೆ

ನಿಯಮದ ಪ್ರಕಾರವೇ ನಡೆಯಬೇಕೆಂದು ಹಟ ಹಿಡಿದವನ ಸುತ್ತಲೇ ನಿಯಮಕ್ಕೆ ಸಿಗದ ಸಂಗತಿಗಳು ನಡೆಯುತ್ತಿರುತ್ತವೆ. ನನಗಂತೂ ಅವು ವರ್ಗವಾದಲ್ಲೆಲ್ಲ ಜೊತೆಗೇ ಬಂದಿವೆ; ಕೊಚ್ಚಿಯಿಂದ ತಿರುವನಂತಪುರಕ್ಕೆ ನನ್ನ ಸಾಮಾನಿನ ಲಾರಿಗಿಂತ ಮೊದಲೇ ತಲುಪಿದ್ದವು.

ನಾನು ಕಾಸರಗೋಡಿನ ಕಡೆಯವನು. ಓದಿದ್ದು ಇಂಗ್ಲಿಷ್ ಮೀಡಿಯಮ್ಮಿನಲ್ಲಿ, ಒಂದು ಪೂರ್ಣವಿರಾಮ ಬಿಟ್ಟುಹೋದರೂ ಬೆರಳ ಗೆಣ್ಣಿನ ಮೇಲೆ ಸ್ಕೇಲು ಬೀಳುತ್ತಿದ್ದ ಶಾಲೆಯಲ್ಲಿ. ಕೆಲಸ ತಿರುವನಂತಪುರದ ಪಟ್ಟಂನ ಒಂದು ಸರ್ಕಾರಿ ಕಚೇರಿಯ ಕಾನೂನು ವಿಭಾಗದಲ್ಲಿ. ಅರ್ಜಿಗೆ ತಾರೀಕು ಹಾಕದವರನ್ನು ಕಂಡರೆ ನನಗಾಗದು. ಹೇಳಿದ ಹೊತ್ತಿಗೆ ಬಾರದವರನ್ನು ಕಂಡರೆ ಆಗದು. "ನಮ್ಮ ಹುಡುಗ ಸಾರ್, ಸ್ವಲ್ಪ ನೋಡ್ಕೊಳ್ಳಿ" ಎನ್ನುವವರನ್ನು ಕಂಡರಂತೂ ಮೈಯೆಲ್ಲ ಉರಿಯುತ್ತದೆ. ಇಂಥ ನನ್ನನ್ನು ಎರಡೂ ಊರಿನ ಕನ್ನಡಿಗರು ಸೇರಿ ತಮ್ಮ ಕನ್ನಡ ಕೂಟದ ಕಾರ್ಯದರ್ಶಿ ಮಾಡಿದರು. ಏಕೆ ಮಾಡಿದರೆಂದು ಅವರು ಆಮೇಲೆ ಬಹಳ ಸಲ ತಮ್ಮನ್ನೇ ಕೇಳಿಕೊಂಡಿದ್ದಾರೆ.

ಐಟಿ ಪಾರ್ಕಿಗೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಹುಡುಗರು ಬಂದಿಳಿಯುತ್ತಿದ್ದ ಎರಡು ಸಾವಿರದ ದಶಕ ಅದು. ಕೂಟದಲ್ಲಿ ಅರ್ಧ ಜನ ನಮ್ಮಂಥ ಕಾಸರಗೋಡಿನ ಸರ್ಕಾರಿ ನೌಕರರು, ಇನ್ನರ್ಧ ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಈ ಹುಡುಗರು. ಎಲ್ಲರೂ ಸೇರಿ ಕೊಚ್ಚಿಯ ಪಕ್ಕದ ಕಳಮಶ್ಶೇರಿಯಲ್ಲಿ ಒಂದು ರಾಜ್ಯೋತ್ಸವಕ್ಕೆ ಆಡಿದ ನಾಟಕದ ಪ್ರಸಂಗಗಳಿವು.

ಭೀಮ ಇಲ್ಲದ ನಾಟಕ

ಕೂಟದ ಅಧ್ಯಕ್ಷರು ಮೈಸೂರಿನವರು, ಬ್ಯಾಂಕ್ ಮ್ಯಾನೇಜರು. ಕೇರಳಕ್ಕೆ ಬಂದು ವರ್ಷಗಳಾಗಿದ್ದರೂ ಮಲಯಾಳದ ಒಂದು ಪದವನ್ನೂ ಕಲಿತಿಲ್ಲವೆನ್ನುವುದು ಅವರ ಹೆಮ್ಮೆ. "ಕಲಿತುಬಿಟ್ರೆ ಕನ್ನಡ ಕೂಟ ಯಾಕ್ರೀ ಬೇಕು?" ಎನ್ನುವರು.

ನಾಟಕ ಯಾವುದೆಂದು ಸಭೆ ಸೇರಿತು. ಎಲ್ಲರೂ ಮಹಾಭಾರತ ಎಂದರು. ನಾನು ಎದ್ದು ನಿಂತು, "ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಶಾಸನಸಭೆಯ ಚುನಾವಣೆ" ಎಂದೆ.

ನನಗೋ ಹೇಳುವ ಉತ್ಸಾಹ ತಡೆಯಲಾಗುತ್ತಿಲ್ಲ! "ಆಗ ಅಲ್ಲಿ ಯಾವ ಪಕ್ಷ ಗೆದ್ದರೂ ಸರ್ಕಾರಿ ಕೆಲಸವೆಲ್ಲ ಆ ಪಕ್ಷದವರಿಗೇ. ಸರ್ಕಾರ ಬದಲಾದರೆ ಹಳ್ಳಿಯ ಪೋಸ್ಟ್ ಮಾಸ್ಟರ್ ಕೂಡ ಬದಲು! ಕೊನೆಗೆ ಏನಾಯಿತು ಗೊತ್ತೇ? ಕೆಲಸ ಕೇಳಿ ಕೇಳಿ ಸಿಗದ ಒಬ್ಬ ಉಮೇದುವಾರ ಹೋಗಿ ರಾಷ್ಟ್ರಾಧ್ಯಕ್ಷರಿಗೇ ಗುಂಡು ಹೊಡೆದ. ದೇಶವೆಲ್ಲ ರೊಚ್ಚಿಗೆದ್ದಿತು. ಶಿಫಾರಸು ಸಾಕು, ಪರೀಕ್ಷೆ ಬೇಕು ಎಂಬ ಕೂಗು ಎದ್ದಿತು. ಮುಂದಿನ ಚುನಾವಣೆಯಲ್ಲಿ ಆಳುವ ಪಕ್ಷವನ್ನು ಜನ ಸೋಲಿಸಿದರು. ಸೋತವರೇ ಹೆದರಿ, ಮನೆಗೆ ಹೋಗುವ ಮೊದಲು ಪರೀಕ್ಷೆಯ ಕಾನೂನು ಪಾಸು ಮಾಡಿಹೋದರು! ಇದಕ್ಕಿಂತ ನಾಟಕ ಬೇಕೆ?"

ಮೇಜು ಗುದ್ದಿ ಕೂತೆ. ಐಟಿ ಹುಡುಗರು ಚಪ್ಪಾಳೆ ತಟ್ಟಿದರು. ಅವರಿಗೆ ಅಮೆರಿಕವೆಂದರೆ ದಿನಾ ಫೋನಿನಲ್ಲಿ ಬೈಯುವ ದೇಶ. ಅದು ಬೈಸಿಕೊಳ್ಳುವುದನ್ನು ನೋಡುವ ಆಸೆ. ಅಧ್ಯಕ್ಷರು ಮಾತ್ರ ಕನ್ನಡಕ ತೆಗೆದು ಒರೆಸುತ್ತ ಕೇಳಿದರು: "ಪರೀಕ್ಷೆನೇ ಇಲ್ದೆ ಸರ್ಕಾರಿ ಕೆಲಸ ಕೊಡ್ತಿದ್ರೇನ್ರೀ?"

"ಹೌದು ಸ್ವಾಮಿ! ಅದೇ ಅನ್ಯಾಯ!"

"ಅಯ್ಯೋ, ಆವಾಗ ನಮ್ಮೋರು ಯಾರೂ ಅಲ್ಲಿ ಇರ್ಲಿಲ್ವಲ್ರೀ!"

ಚಟ್ನಿಗೂ ಪರೀಕ್ಷೆ

ಶಿಫಾರಸಿನ ವಿರುದ್ಧದ ನಾಟಕಕ್ಕೆ ಶಿಫಾರಸಿನ ಮೇಲೆ ಪಾತ್ರ ಹಂಚುವುದುಂಟೇ? ಎಲ್ಲ ಪಾತ್ರಕ್ಕೂ ಲಿಖಿತ ಪರೀಕ್ಷೆ ಎಂದು ಸಾರಿದೆ. ಪೆನ್ಸಿಲಿನಲ್ಲಿ ಬರೆಯುವಂತಿಲ್ಲ, ತಡವಾಗಿ ಬಂದವರಿಗೆ ಪ್ರವೇಶವಿಲ್ಲ.

ಮೊದಲು ಕೆರಳಿದವರು ಅಧ್ಯಕ್ಷರು. ಆಳುವ ಪಕ್ಷದ ನಾಯಕನ ಪಾತ್ರ ತಮಗೇ ಎಂದು ಅವರು ಕೋಟು ಹೊಲಿಯಲು ಕೊಟ್ಟಾಗಿತ್ತು. "ಅಧ್ಯಕ್ಷನಿಗೇ ಪರೀಕ್ಷೆನಾ? ಏನ್ರೀ ಅನ್ಯಾಯ!" ಎಂದು ಗೊಣಗುತ್ತಲೇ ಕೂತರು. 'ನಿನ್ನ ಪಕ್ಷದವರಿಗೆ ಕೆಲಸ ಹೇಗೆ ಕೊಡಿಸುತ್ತೀಯೆ?' ಎಂಬುದು ಪ್ರಶ್ನೆ. ಮೊದಲು ಬರೆದು ಮುಗಿಸಿದವರು ಅವರೇ. ಮೇಲೆ ಎರಡು ಹಾಳೆ ಹೆಚ್ಚಿಗೆ ಕೇಳಿ ಪಡೆದಿದ್ದರು.

ಸುಧಾರಣೆಯ ಪಕ್ಷದ ಅಭ್ಯರ್ಥಿಯ ಪಾತ್ರ ಹುಬ್ಬಳ್ಳಿಯ ಐಟಿ ಹುಡುಗನಿಗೆ ಬಂತು. ಅವನು ಉತ್ತರವನ್ನು ಓದಿ ಹೇಳಿದಾಗ ಕಿಟಕಿಯ ಗಾಜು ಅದುರಿತು. ಆದರೆ ಆ ಪಾತ್ರದ ಮೇಲೆ ಇನ್ನೊಬ್ಬನ ಕಣ್ಣಿತ್ತು, ನನ್ನ ಹೆಂಡತಿಯ ತಮ್ಮನದು. ಅವನು ಕಳಮಶ್ಶೇರಿಯ ಹತ್ತಿರದ ಏಲೂರಿನ ರಸಗೊಬ್ಬರ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು, ಯಕ್ಷಗಾನದ ಹುಚ್ಚಿನವನು. ಪರೀಕ್ಷೆಯಲ್ಲಿ ಕೂತಲ್ಲೇ ತಾಳ ಹಾಕಿದ, ಬರೆಯಲಿಲ್ಲ. ಫೇಲ್.

ಮನೆಯಲ್ಲಿ ಹೆಂಡತಿ ಕೇಳಿದಳು: "ಅಲ್ಲ ಮಾರಾಯ್ರೆ, ಇದ್ದ ಒಬ್ಬ ತಮ್ಮನಿಗೆ ಒಂದು ಪಾತ್ರ ಕೊಡ್ಲಿಕ್ಕೆ ನಿಮ್ಮಿಂದ ಆಗುದಿಲ್ವಾ?"

"ಅದು ಶಿಫಾರಸಾಗ್ತದೆ."

"ಆಯ್ತು. ನಾಳೆಯಿಂದ ದೋಸೆಗೆ ಚಟ್ನಿ ಬೇಕಾದವ್ರೂ ಪರೀಕ್ಷೆ ಬರೀಲಿ."

ಮರುದಿನ ಬರಿ ದೋಸೆ ತಿನ್ನುತ್ತಿದ್ದಾಗ ಪರೀಕ್ಷೆಗೆಂದು ಬಂದು ನಮ್ಮಲ್ಲೇ ಉಳಿದಿದ್ದ ಭಾವಮೈದುನನೇ ಎದುರು ಕೂತ. ನನ್ನ ತಟ್ಟೆಯ ಅಂಚಿಗೆ ಬೆರಳಿನಿಂದ ತಾಳ ಹಾಕಿದ. ಆಮೇಲೆ ಮೆಲ್ಲಗೆ, "ಭಾವ, ಕೆಲಸ ಸಿಗದ ಉಮೇದುವಾರ ಕಡೆಗೆ ಏನು ಮಾಡಿದ ಅಂತ ನೀವೇ ಸಭೆಯಲ್ಲಿ ಹೇಳಿದ್ದಲ್ವಾ?" ಎಂದ.

ಆ ಉಮೇದುವಾರನ ಪಾತ್ರ ಇನ್ನೂ ಖಾಲಿ ಇತ್ತು. ಅವನಿಗೆ ಅಲ್ಲೇ ಮರುಪರೀಕ್ಷೆ ಮಾಡಿದೆ, ಬಾಯಿಮಾತಿನದು. ನೂರಕ್ಕೆ ನೂರು ಕೊಟ್ಟೆ.

ಎಲ್ಲರಿಗೂ ಅವಸರ

ನಮ್ಮ ಮಗಳು ಹುಟ್ಟಿದ್ದು ಕೊಚ್ಚಿಯಲ್ಲಿ, ಕಾಲೇಜು ಓದುತ್ತಿದ್ದುದು ತಿರುವನಂತಪುರದಲ್ಲಿ. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. ಅಪ್ಪಾ ಎನ್ನುವುದರ ಬದಲು ನನ್ನನ್ನು ಕರೆಯುವುದು "ಅಚ್ಛಾ" ಎಂದು. ಹುಬ್ಬಳ್ಳಿಯ ಹುಡುಗ ಮೊದಲ ಸಲ ನಮ್ಮ ಮನೆಗೆ ಬಂದಾಗ ಅದನ್ನು ಹಿಂದಿ ಎಂದು ತಿಳಿದು, "ಸರ, ನೀವು ಏನ್ ಹೇಳಿದ್ರೂ ನಿಮ್ಮ ಮಗಳು ಅಚ್ಛಾ ಅಂತಾಳ ನೋಡ್ರಿ. ಎಂಥಾ ಸಂಸ್ಕಾರ!" ಎಂದು ಹೊಗಳಿದ್ದ.

ಸುಧಾರಣೆಯ ಪಕ್ಷಕ್ಕೆ ಬಟ್ಟೆಯ ಬ್ಯಾನರು ಬೇಕಿತ್ತು. ಅಕ್ಷರ ದುಂಡಗಿದೆಯೆಂದು ಮಗಳೇ ಬರೆದಳು. ಕೆಂಪು ಬಣ್ಣದಲ್ಲಿ, ಗೋಡೆಯಿಂದ ಗೋಡೆಗೆ: 'ಶಿಫಾರಸು ಬೇಡ! ಎಲ್ಲರಿಗೂ ಸಮಾನ ಅವಸರ!'

ಹುಬ್ಬಳ್ಳಿಯ ಹುಡುಗ ಅದರ ಮುಂದೆ ನಿಂತು ತಲೆ ಕೆರೆದುಕೊಂಡ. "ಸರ, ಎಲ್ಲಾರಿಗೂ ಯಾಕ್ರಿ ಇಷ್ಟ್ ಅವಸರ? ಸಾವಕಾಶ ಮಾಡೂಣಲ್ರಿ."

ಮಗಳು ನನ್ನತ್ತ ತಿರುಗಿ, "ಅಚ್ಛಾ, ಅದು ಶೆರಿಯಲ್ಲೇ?" ಎಂದಳು. ಸರಿಯಲ್ಲವೇ ಎಂದು ಕೇಳಿದ್ದು. ಅವಳ ಮಟ್ಟಿಗೆ ಸರಿಯೇ. ಮಲಯಾಳದಲ್ಲಿ ಅವಸರವೆಂದರೆ ಅವಕಾಶ.

"'ಅವಕಾಶ' ಅಂತ ಬರಿ" ಎಂದೆ.

ಅವಳು ಕುಂಚ ಕೆಳಗಿಟ್ಟಳು. ಮಲಯಾಳದಲ್ಲಿ ಅವಕಾಶವೆಂದರೆ ಹಕ್ಕು! ಸಮಾನ ಹಕ್ಕು ಬೇರೆ, ಸಮಾನ ಅವಕಾಶ ಬೇರೆ. ಕಾನೂನು ವಿಭಾಗದಲ್ಲಿರುವ ಅಪ್ಪನಿಗೆ ಅಷ್ಟೂ ತಿಳಿಯದೇ ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡಳು. ನನ್ನ ಮಗಳೇ ಸರಿ! ನಾನು ಬಿಡಲಿಲ್ಲ, ಅವಳೂ ಬಿಡಲಿಲ್ಲ. ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿಯ ದನಿ ಬಂತು: "ಯಾರಿಗೆ ಅವಸರ ಉಂಟೋ ಅವ್ರು ಬನ್ನಿ, ಕಾಫಿ ಆರ್ತಾ ಉಂಟು. ಅವಕಾಶ ಇದ್ದವ್ರು ಆಮೇಲೆ ಬಿಸಿ ಮಾಡ್ಕೊಳ್ಳಿ."

ಸಮರ ಮತ್ತು ಸಂಸಾರ

ಒಂದು ಶನಿವಾರ ಹುಬ್ಬಳ್ಳಿಯ ಹುಡುಗ ಫೋನ್ ಮಾಡಿದ.

"ಸರ, ನಾಳಿ ಪ್ರಾಕ್ಟೀಸಿಗೆ ಬರಾಕ ಆಗೂದಿಲ್ರಿ. ಯುದ್ಧ ಐತಂತ!"

"ಯಾರು ಯಾರಿಗೆ?"

"ಅದು ಗೊತ್ತಿಲ್ರಿ. ನಮ್ಮ ಮನಿ ಓನರ್ ಚೇಟ್ಟನ್ ಹೇಳಿದ್ರು, ನಾಳೆ ಸಮರಂ ಅಂತ. ಬಸ್ ಸುದ್ದಾ ಬಂದ್ ಮಾಡ್ಯಾರ!"

ಸಮರವೆಂದರೆ ಇಲ್ಲಿ ಮುಷ್ಕರವಪ್ಪಾ, ತಿಂಗಳಿಗೊಮ್ಮೆ ಆಗುತ್ತಿರುತ್ತದೆ, ಹಾಲು ತಂದಿಟ್ಟುಕೋ ಸಾಕು ಎಂದೆ. ಅವನಿಗೆ ಸಮಾಧಾನವಾಯಿತು. ಆದರೆ ಮುಂದಿನ ಪ್ರಾಕ್ಟೀಸಿಗೆ ಬಂದಾಗ ಮುಖ ಕೆಂಪಾಗಿತ್ತು. ಅವನು ಚೇಟ್ಟನ್, ಅಂದರೆ ಅಣ್ಣ, ಎನ್ನುವ ಆ ಮುದಿ ಮನೆಯೊಡೆಯರು ಬಾಗಿಲಿಗೆ ಬಂದು, "ಮೋನೇ, ಸಂಸಾರಿಕ್ಕಾಮೋ?" ಎಂದು ಕೇಳಿದರಂತೆ. ಮಗಾ, ಸ್ವಲ್ಪ ಮಾತಾಡೋಣವೇ ಎಂದು ಅದರರ್ಥ. ಇವನು ಕೈಮುಗಿದು, "ಇಲ್ರಿ, ನನ್ನ ಮದುವೀನೇ ಆಗಿಲ್ರಿ" ಎಂದನಂತೆ. ಮುದುಕ ಅಲ್ಲೇ ಜಾತಕ ಕೇಳಿದರಂತೆ!

ನಕ್ಕು ನಕ್ಕು ಸುಸ್ತಾದ ಮೇಲೆ ಮಗಳಿಗೆ ಅವನ ಮೇಲೆ ಕನಿಕರ ಬಂತು. ಎದುರು ಕೂರಿಸಿ ಪಾಠ ಶುರು ಮಾಡಿದಳು: ಸಮರ ಎಂದರೆ ಮುಷ್ಕರ. ಸಂಸಾರ ಎಂದರೆ ಮಾತು. ರಾಜಿ ಎಂದರೆ ರಾಜೀನಾಮೆ. ಪೇಪರಿನಲ್ಲಿ 'ಮಂತ್ರಿ ರಾಜಿ' ಎಂದು ಬಂದರೆ ಮಂತ್ರಿ ಜಗಳ ಬಿಟ್ಟರು ಎಂದಲ್ಲ, ಕುರ್ಚಿ ಬಿಟ್ಟರು ಎಂದು.

ಹುಡುಗ ಮಗ್ಗಿ ಕಲಿಯುವಂತೆ ಬಾಯಿಪಾಠ ಮಾಡತೊಡಗಿದ. ಪಕ್ಕದಲ್ಲಿ ಹೊಸ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ ಅಧ್ಯಕ್ಷರನ್ನೂ ಮಗಳು ಕರೆದಳು. "ನಂಗ್ ಬೇಡಮ್ಮ" ಎಂದು ಅವರು ಎರಡೂ ಕಿವಿ ಮುಚ್ಚಿಕೊಂಡರು. "ಇದ್ದ ಕನ್ನಡವೂ ಕೆಟ್ಟೋಗತ್ತೆ."

ಅಧ್ಯಕ್ಷರು ಸೋಲುವುದಿಲ್ಲ

ರಾಜ್ಯೋತ್ಸವ ಹತ್ತಿರ ಬಂದಾಗ ಅಧ್ಯಕ್ಷರು ಒಂದು ಬಾಂಬು ಹಾಕಿದರು. "ಕೊನೇ ಸೀನಲ್ಲಿ ನಾನು ಸೋಲಲ್ಲ."

"ಸ್ವಾಮಿ, ಅದು ಚರಿತ್ರೆ! ಆಳುವ ಪಕ್ಷ ಸೋತಿದೆ!"

"ಸೋತಿರ್ಲಿ ಕಣ್ರೀ. ಅವರ ಹೆಂಡ್ರು ಮಕ್ಕಳು ಮುಂದಿನ ಸಾಲಲ್ಲಿ ಕೂತು ನೋಡಿದ್ರಾ? ನಮ್ಮ ಮನೆಯೋರೆಲ್ಲ ಬರ್ತಾರೆ. ನೋಡಿ, ನೀವು ಪ್ರಜಾಪ್ರಭುತ್ವದೋರು. ಸಭಿಕರೇ ಕೈಯೆತ್ತಿ ವೋಟು ಹಾಕ್ಲಿ. ಗೆದ್ದೋರು ಗೆದ್ದರು."

ಕಮಿಟಿಯವರೆಲ್ಲ ಭಲೇ ಎಂದರು. ನಾನು ಬೇಡವೆಂದೆ, ಕೈಯೆತ್ತುವ ಮತಕ್ಕೇ ಹಾಕಿ ನನ್ನನ್ನು ಸೋಲಿಸಿದರು. ನಿಯಮದ ಪ್ರಕಾರ ಸೋತಿದ್ದೆ, ಬಾಯಿ ಮುಚ್ಚಿಕೊಂಡೆ. ಅಮೆರಿಕದಲ್ಲಿ ಮುಗಿದುಹೋದ ಚುನಾವಣೆ ಕಳಮಶ್ಶೇರಿಯಲ್ಲಿ ಮತ್ತೆ ಶುರುವಾಯಿತು! ಎಲ್ಲಿಯಾದರೂ ಆಳುವ ಪಕ್ಷ ಗೆದ್ದರೆ, ನನ್ನ ಇಡೀ ನಾಟಕ ಶಿಫಾರಸಿನ ಪರವಾದ ಪ್ರಚಾರವಾಗಿಬಿಡುತ್ತದೆ. ನನಗೆ ನಿದ್ದೆ ಹತ್ತಲಿಲ್ಲ.

ಅಧ್ಯಕ್ಷರು ಸುಮ್ಮನೆ ಕೂರಲಿಲ್ಲ. ಊಟದ ಸಮಿತಿಯ ಸಂಚಾಲಕ ಎನ್ನುವ ಹುದ್ದೆಗೆ ನಮ್ಮ ಕೂಟದಲ್ಲಿ ಬಹಳ ಬೆಲೆ. ಪಾಯಸ ಯಾವುದೆಂದು ತೀರ್ಮಾನಿಸುವುದು ಆತನೇ. "ನಂಗೆ ಕೈಯೆತ್ತಿ, ಆ ಸ್ಥಾನ ನಿಮ್ಗೇ" ಎಂದು ಕಂಡಕಂಡವರಿಗೆಲ್ಲ ಮಾತು ಕೊಡತೊಡಗಿದರು. ಪಾತ್ರ ಇಷ್ಟು ಮೈಮೇಲೆ ಬಂದ ನಟನನ್ನು ನಾನು ಕಂಡಿಲ್ಲ.

"ಸರ, ಆ ಹುದ್ದೆ ನನಗೂ ಕೊಟ್ಟಾರ್ರಿ" ಎಂದ ಹುಬ್ಬಳ್ಳಿಯ ಹುಡುಗ. "ನಾನು ಅವರ ವಿರುದ್ಧ ನಿಂತಾಂವ ಅನ್ನೂದು ಅವರಿಗೆ ನೆನಪಿದ್ದಂಗಿಲ್ಲ!"

ಕೊನೆಗೆ ಹೆಂಡತಿ ಒಂದು ದಾರಿ ತೋರಿಸಿದಳು. "ಏಲೂರಿನಿಂದ ನಮ್ಮವ್ರು ಒಂದು ವ್ಯಾನ್ ತುಂಬ ಬರ್ತಾರೆ. ತಮ್ಮನಿಗೆ ಕೂಟದಲ್ಲಿ ಒಂದು ಸ್ಥಾನ ಕೊಡ್ತೇನೆ ಅಂತ ಹೇಳಿ, ಎಲ್ಲ ಕೈಯೂ ನಿಮ್ಮ ಕಡೆಗೇ."

ಆಸೆಯಾಯಿತು, ಸುಳ್ಳೇಕೆ ಹೇಳಲಿ! ಆದರೂ ಬೆನ್ನು ನೆಟ್ಟಗೆ ಮಾಡಿ ಹೇಳಿದೆ: "ಸುಧಾರಣೆ ಗೆಲ್ಲಬೇಕು ಅಂತ ನಾನೇ ಹುದ್ದೆ ಹಂಚಿದರೆ ಸುಧಾರಣೆ ಎಲ್ಲಿ ಉಳೀತು? ಆಗುದಿಲ್ಲ."

"ಹಾಗಾದ್ರೆ ಸೋಲಿ" ಎಂದು ಅವಳು ದೀಪ ಆರಿಸಿದಳು.

ಎರಡು ಚಪ್ಪಾಳೆ

ಬೆಳಗಿನ ರೈಲಿಗೆ ಎಲ್ಲರೂ ತಿರುವನಂತಪುರದಿಂದ ಹೊರಟು ಕಳಮಶ್ಶೇರಿಯ ಹಾಲಿಗೆ ಬಂದಿಳಿದೆವು. ಒಳಗೆ ಹೋಗಿ ನೋಡಿದರೆ ಕುರ್ಚಿಗಳೆಲ್ಲ ಭರ್ತಿ! ನಮ್ಮವರಿಗಿಂತ ಮಲಯಾಳಿಗಳೇ ಹೆಚ್ಚು. ಒಳಗೊಂದು ಚುನಾವಣೆ ನಡೆಯುತ್ತದೆಂದು ಗೊತ್ತಾದರೆ ಈ ನಾಡಿನಲ್ಲಿ ಯಾರು ತಾನೇ ಹೊರಗೆ ನಿಲ್ಲುತ್ತಾರೆ? ಮುಖ್ಯ ಅತಿಥಿಗಳೂ ಒಬ್ಬ ನಿವೃತ್ತ ಮಲಯಾಳಿ ಅಧಿಕಾರಿ. ಕನ್ನಡ ಬಾರದು, ಆದರೆ ಸುಧಾರಣೆಯ ವಿಷಯವೆಂದು ಹೇಳಿದ್ದಕ್ಕೆ ಬಹಳ ಸಂತೋಷದಿಂದ ಬಂದಿದ್ದರು.

ನಾಟಕ ರಂಗೇರಿತು! ಭಾವಮೈದುನ ಉಮೇದುವಾರನಾಗಿ ಕರಿ ಕೋಟು ತೊಟ್ಟು, ಯಕ್ಷಗಾನದ ಹೆಜ್ಜೆ ಹಾಕುತ್ತ ಬಂದು ಗುಂಡು ಹೊಡೆದ. ಅಮೆರಿಕದಲ್ಲಿ ಹಾಗಾಗಿರಲಿಕ್ಕಿಲ್ಲ, ಆದರೆ ಶಿಳ್ಳೆ ಬಿತ್ತು. ಹುಬ್ಬಳ್ಳಿಯ ಹುಡುಗ, "ಶಿಫಾರಸ್ಸಿನ ಕಾಲ ಮುಗೀತು! ಕಲಿತಾಂವಗ ಕೆಲಸ, ಕಾಲು ಹಿಡಿದಾಂವಗ ಅಲ್ಲ!" ಎಂದು ಗುಡುಗಿದಾಗ ಭಾಷೆ ತಿಳಿಯದವರೂ ಚಪ್ಪಾಳೆ ತಟ್ಟಿದರು. ನಾನು ಪರದೆಯ ಮರೆಯಲ್ಲಿ ಕುಣಿಯುವುದೊಂದು ಬಾಕಿ.

ಆಗ ಅಧ್ಯಕ್ಷರು ಮೈಕಿಗೆ ಬಂದರು. ಎದೆಯುಬ್ಬಿಸಿ, "ಮಹನೀಯರೇ, ನಾನು ಕೊಟ್ಟ ಮಾತಿಗೆ ತಪ್ಪೋನಲ್ಲ. ಊಟದ ಸಮಿತಿ ವಿಷಯದಲ್ಲಿ ಯಾರ್ಯಾರಿಗೆ ಮಾತು ಕೊಟ್ಟಿದೀನೋ ಅವರೆಲ್ಲ ನಂಗೇ ಕೈಯೆತ್ತಬೇಕು" ಎಂದರು.

ಮುಂದಿನ ಸಾಲಿನಲ್ಲಿ ಒಬ್ಬರು ಕೈಯೆತ್ತಿದರು. ಪಕ್ಕದವರೂ ಎತ್ತಿದರು. ಮೊದಲನೆಯವರು ತಿರುಗಿ, "ನೀವ್ಯಾಕೆ ಎತ್ತಿದ್ದು? ಸಂಚಾಲಕ ನಾನು" ಎಂದರು.

"ನೀವಾ? ನನಗೆ ಹೇಳಿದ್ದಾರೆ!"

"ನಿಮಗೆ ಯಾವಾಗ ಹೇಳಿದ್ರು? ನಂಗೆ ದೀಪಾವಳಿಗೇ ಹೇಳಿದ್ದಾರೆ!"

ಹಿಂದಿನ ಸಾಲಿನಲ್ಲಿ ಇನ್ನೂ ನಾಲ್ಕಾರು ಸಂಚಾಲಕರು ಎದ್ದು ನಿಂತರು. ಕುರ್ಚಿ ಸರಿದವು, ಶಲ್ಯಗಳ ಎಳೆದಾಟವಾಯಿತು, ಪಾಲಡೆ ಪಾಯಸವೋ ಹೋಳಿಗೆಯೋ ಎಂಬಲ್ಲಿಯವರೆಗೆ ಜಗಳ ಹೋಯಿತು. ಅಧ್ಯಕ್ಷರು ಬೆವೆತುಹೋದರು. ಹೇಗಾದರೂ ಹುದ್ದೆಯನ್ನು ಎಲ್ಲರಿಗೂ ಪಾಲು ಮಾಡಿ ಜಗಳ ನಿಲ್ಲಿಸಬೇಕೆಂದು ಎರಡೂ ಕೈ ಮೇಲೆತ್ತಿ ಮೈಕಿನಲ್ಲಿ ಕೂಗಿದರು:

"ರಾಜಿ! ರಾಜಿ! ನಾನು ರಾಜಿಗೆ ಸಿದ್ಧ! ಈಗಲೇ ರಾಜಿ!"

ಹಾಲಿನಲ್ಲಿದ್ದ ಮಲಯಾಳಿಗಳೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು ನೋಡಿ, ಫ್ಯಾನುಗಳೂ ಅದುರಿದವು! ಮುಖ್ಯ ಅತಿಥಿಗಳು ತಮ್ಮ ಕೊರಳ ಹಾರ ತೆಗೆದು ಅಧ್ಯಕ್ಷರಿಗೆ ಹಾಕಿ, ಮಲಯಾಳದಲ್ಲಿ ಹೇಳಿದರು: "ನಮ್ಮ ನಾಡಿನಲ್ಲಿ ರಸ್ತೆಗಿಳಿದು ಕೂಗಿದರೂ ಯಾರೂ ರಾಜಿ ಕೊಡುವುದಿಲ್ಲ. ಈ ಮಹಾನುಭಾವರು ಯಾರೂ ಕೇಳದೆಯೇ ಕೊಟ್ಟರು!"

ಅಧ್ಯಕ್ಷರಿಗೆ ಏನೂ ತಿಳಿಯಲಿಲ್ಲ. ತಮ್ಮ ಸಂಧಾನದ ಜಾಣ್ಮೆಗೇ ಈ ಮರ್ಯಾದೆ ಎಂದುಕೊಂಡು ಮೂರೂ ದಿಕ್ಕಿಗೆ ಬಗ್ಗಿ ಬಗ್ಗಿ ನಮಸ್ಕಾರ ಮಾಡಿದರು. ಅವರ ಮನೆಯವರೂ ಮುಂದಿನ ಸಾಲಿನಲ್ಲಿ ಎದ್ದು ಚಪ್ಪಾಳೆ ತಟ್ಟುತ್ತಿದ್ದರು. ನಾನು ಪರದೆಯ ಹಿಂದಿನಿಂದ ಒಂದೇ ನೆಗೆತಕ್ಕೆ ರಂಗಕ್ಕೆ ಬಂದೆ. "ಆಳುವ ಪಕ್ಷದ ನಾಯಕರು ರಾಜೀನಾಮೆ ಕೊಟ್ಟಿದ್ದಾರೆ! ಸುಧಾರಣೆ ಗೆದ್ದಿದೆ!" ಎಂದು ಸಾರಿದೆ. ಹುಬ್ಬಳ್ಳಿಯ ಹುಡುಗನನ್ನು ಹುಡುಗರು ಹೆಗಲ ಮೇಲೆ ಹೊತ್ತರು. ಒಂದೇ ಒಂದು ಹುದ್ದೆ ಹಂಚದೆ ಚರಿತ್ರೆಯನ್ನು ಉಳಿಸಿಕೊಂಡಿದ್ದೆ!

ಅಧ್ಯಕ್ಷರು ನನ್ನ ತೋಳು ಹಿಡಿದೆಳೆದರು. "ರಾಜೀನಾಮೆನಾ? ಯಾರ್ರೀ ಕೊಟ್ಟಿದ್ದು?"

"ನೀವೇ ಸ್ವಾಮಿ. ಇಲ್ಲಿ ರಾಜಿ ಅಂದರೆ ಅದೇ. ಹುಡುಗಿ ಹೇಳಿಕೊಡ್ತೇನೆಂದಾಗ ನೀವು ಕಿವಿ ಮುಚ್ಚಿಕೊಂಡಿರಿ."

ಗಾಬರಿಯಲ್ಲಿ ಮೈಕು ಕೈಯಲ್ಲೇ ಇರುವುದನ್ನು ಮರೆತು ಅವರು ಅಂಗಲಾಚಿದರು: "ಅಯ್ಯಯ್ಯೋ, ಕೂಟದ ಅಧ್ಯಕ್ಷ ಕಣ್ರೀ ನಾನು! ಹೇಗಾದ್ರೂ ಮಾಡಿ ರಾಜಿ ಮಾಡಿಸ್ರೀ, ರಾಜಿ!"

ಹಾಲಿನಲ್ಲಿ ಎರಡನೆಯ ಸಲ ಚಪ್ಪಾಳೆ, ಮೊದಲನೆಯದಕ್ಕಿಂತ ಜೋರು. ಅಮೆರಿಕದ ಕುರ್ಚಿಯ ಜೊತೆಗೆ ಕೂಟದ ಕುರ್ಚಿಯನ್ನೂ ಬಿಟ್ಟುಕೊಟ್ಟ ಅವರ ತ್ಯಾಗಕ್ಕೆ ಮುಖ್ಯ ಅತಿಥಿಗಳು ಕಣ್ಣೊರೆಸಿಕೊಂಡರು.

ಆ ಗದ್ದಲದ ನಡುವೆ ಯಾರೋ ನನ್ನ ಬೆನ್ನು ತಟ್ಟಿದರು. ತಿರುಗಿ ನೋಡಿದರೆ ಭಾವಮೈದುನ, ಉಮೇದುವಾರನ ಕರಿ ಕೋಟಿನಲ್ಲೇ, ಕಿವಿಯ ಮೇಲೆ ಒಂದು ಪೆನ್ನು ಸಿಕ್ಕಿಸಿಕೊಂಡು ನಿಂತಿದ್ದ.

"ಭಾವ, ಒಂದು ಜಾಗ ಖಾಲಿ ಆಯ್ತಲ್ಲ. ಅದಕ್ಕೆ ಪರೀಕ್ಷೆ ಯಾವಾಗ?"